ಜಲ್ಲಿ ರಸ್ತೆಯ ಸ್ವಿಟ್ಜರ್ಲೆಂಡ್

ಸುಖಕ್ಕಾಗಿ ಸೈಕಲ್ ತುಳಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಲು ಹಾಕುವವನು ತುಳಿಯಲಿ, ನೂಲಿನ ಗಂಟು ಕಟ್ಟಿಕೊಂಡ ನೇಕಾರ ತುಳಿಯಲಿ, ಮಿಲ್ಲಿನ ಪಾಳಿಗೆ ತಡವಾದವನು ತುಳಿಯಲಿ. ಅವರಿಗೆ ಬೇರೆ ದಾರಿಯಿಲ್ಲ. ಬಸ್ಸು ಇದ್ದೂ, ಅದರಲ್ಲಿ ಕಿಟಕಿ ಪಕ್ಕದ ಸೀಟು ಸಿಗುವಂತಿದ್ದೂ, ಒಬ್ಬ ಮನುಷ್ಯ ಭಾನುವಾರ ಬೆಳಿಗ್ಗೆ ಎದ್ದು ಜಲ್ಲಿ ಹಾಸಿದ ಏರುದಾರಿಯನ್ನು ಹುಡುಕಿಕೊಂಡು ಹೋಗಿ ತುಳಿಯುತ್ತಾನೆ ಎಂದರೆ, ಅವನಿಗೆ ಮನೆಯಲ್ಲಿ ನೆಮ್ಮದಿಯಿಲ್ಲ, ಇಲ್ಲವೇ ತಲೆಯಲ್ಲಿ ಏನೂ ಇಲ್ಲ. ನನ್ನ ಭಾಮೈದ ಸುಂದರನಿಗೆ ಮನೆಯಲ್ಲಿ ನೆಮ್ಮದಿ ಬೇಕಾದಷ್ಟಿತ್ತು.

ಸುಂದರ ಕೊಯಮತ್ತೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಇಂಜಿನಿಯರು. ಎಂಬತ್ತರ ದಶಕದ ಮೊದಲಲ್ಲಿ ಕಾರ್ಖಾನೆಯವರು ನೂಲುವ ಯಂತ್ರದ ಕೆಲಸ ಕಲಿತು ಬಾ ಎಂದು ಅವನನ್ನು ಕೆಲವು ತಿಂಗಳು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಹೋದದ್ದು ಸುಂದರ, ವಾಪಸು ಬಂದದ್ದು ಒಂದು ಹೋಲಿಕೆ. ಕಾಫಿ ಕೊಟ್ಟರೆ ಅಲ್ಲಿಯ ಹಾಲಿನ ಮಾತು, ಮಳೆ ಬಂದರೆ ಅಲ್ಲಿಯ ಮಳೆಯ ಮಾತು. ಅಲ್ಲಿ ಮಳೆಯೂ ಶಿಸ್ತಾಗಿ ಬರುತ್ತದಂತೆ. ಅಲ್ಲೊಂದು ದೊಡ್ಡ ಸರೋವರ, ಪಕ್ಕದಲ್ಲಿ ಬೆಟ್ಟ, ಬೆಟ್ಟದ ಇಳಿಜಾರಿನ ತುಂಬ ದ್ರಾಕ್ಷಿತೋಟ, ತೋಟಗಳ ನಡುವೆ ಜಲ್ಲಿಯ ದಾರಿ. ಭಾನುವಾರ ಸೈಕಲ್ ಹತ್ತಿ ಹೊರಟರೆ ತೋಟದ ಮನೆಯವರು ನಿಲ್ಲಿಸಿ, ತಮ್ಮದೇ ದ್ರಾಕ್ಷಿಯದನ್ನು ಗಾಜಿನ ಲೋಟದಲ್ಲಿ ಸುರಿದು ಕೊಡುತ್ತಿದ್ದರಂತೆ. ಅದು ದ್ರಾಕ್ಷಿಯ ರಸ ಎಂದು ತನ್ನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿದ. ಅಲ್ಲ ಎಂದು ನನಗೆ ಹೇಳಿದ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಅವನು ಪೆಟ್ಟಿಗೆಯಲ್ಲಿ ಸೈಕಲ್ಲಿನ ಗೇರುಗಳನ್ನು ತಂದಿದ್ದ. ಅವನ್ನು ನಮ್ಮ ಊರಿನ ಗಟ್ಟಿ ಕಬ್ಬಿಣದ ಸೈಕಲ್ಲಿಗೆ ಕೂರಿಸಲು ಒಬ್ಬ ಸೈಕಲ್ ಅಂಗಡಿಯವನ ಪ್ರಾಣ ತಿಂದ. ಆಮೇಲೆ ಒಂದು ದಿನ, ನಮ್ಮ ಅಮರಾವತಿ ಅಣೆಕಟ್ಟೂ ಆ ಸರೋವರದ ಹಾಗೇ ಇದೆ, ಹಿಂದೆ ಬೆಟ್ಟವಿದೆ, ಈಚೆಗೆ ಆ ಕಡೆ ದ್ರಾಕ್ಷಿ ಪಂದಲುಗಳೂ ಬಂದಿವೆ, ಹೋಗೋಣ ಎಂದ. ಪಂದಲು ಎಂದರೆ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸಿದ ಚಪ್ಪರ. ಸ್ವಿಟ್ಜರ್ಲೆಂಡಿನ ದ್ರಾಕ್ಷಿ ಪೀಪಾಯಿಗೆ ಹೋಗುತ್ತದೆ. ನಮ್ಮದು ಬುಟ್ಟಿಗೆ ಹೋಗಿ, ಉಡುಮಲೈ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಮನೆಗಳಿಗೆ ಹೋಗಿ, ನೆಗಡಿಯಾದ ಮಗುವಿಗೆ ಕೊಡಬಹುದೋ ಬೇಡವೋ ಎಂಬ ಅತ್ತೆಸೊಸೆಯರ ಜಗಳದಲ್ಲಿ ಮುಗಿಯುತ್ತದೆ. ಇದಕ್ಕೂ ಅದಕ್ಕೂ ಏನು ಹೋಲಿಕೆ?

ಹೋಲಿಕೆ ಬೇರೆ ಇತ್ತು. ಸುಂದರನಿಗೆ ಬೇಕಾಗಿದ್ದದ್ದು ನೀರೂ ಅಲ್ಲ, ಬೆಟ್ಟವೂ ಅಲ್ಲ. ಧಾರಾಪುರಂನ ಒಂದು ಮದುವೆಯಲ್ಲಿ ಅವನು ಸರೋಜ ಎಂಬ ಹುಡುಗಿಯನ್ನು ನೋಡಿದ್ದ. ನಮ್ಮ ಹಾಗೆಯೇ ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆನಿಂತ ಕನ್ನಡದ ಒಕ್ಕಲು ಮನೆತನ. ಅಣೆಕಟ್ಟಿನ ಪಕ್ಕದ ಊರಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರು. ನಾವು ಸುಂದರನ ಫೋಟೋ ಕೊಟ್ಟು ಹೆಣ್ಣು ಕೇಳಿಕಳಿಸಿದ್ದೆವು. ಅವರಿಂದ ಉತ್ತರ ಬಂದಿರಲಿಲ್ಲ. ಸುಂದರನಿಗೆ ಅನ್ನ ಸೇರುತ್ತಿರಲಿಲ್ಲ, ಅದಕ್ಕೂ ಅವನು ಇಲ್ಲಿಯ ಅಕ್ಕಿಯನ್ನೇ ದೂರುತ್ತಿದ್ದ. ನಮ್ಮಲ್ಲಿ ವೀಳ್ಯ ಬದಲಾಗುವ ತನಕ ಗಂಡು ಹೆಣ್ಣಿನ ಮನೆಯ ಹೊಸಲು ತುಳಿಯುವ ಹಾಗಿಲ್ಲ. ಹೊಸಲು ತಾನೆ, ಹೊರಜಗಲಿಯ ತಿಣ್ಣೆಯ ಮೇಲೆ ಕೂತು ನೀರು ಕುಡಿಯಲು ಯಾವ ತಡೆ, ಒಂದು ಸಲ ನೋಡಿ ಬರೋಣ ಮಾಮ ಎಂದು ಅವನ ವಾದ. ನಮ್ಮವರಲ್ಲಿ ಅಕ್ಕನ ಗಂಡನೂ ಮಾಮನೇ. ಮಾಮನಾದ ತಪ್ಪಿಗೆ ನಾನು ಹೊರಡಬೇಕಾಯಿತು.

ನನಗೆ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಪಾತ್ರೆ ಅಂಗಡಿ. ಅಂಗಡಿಯಿಂದ ಮದುವೆ ಮನೆಗಳಿಗೆ ಅಂಡೆ, ಕೊಳದಪ್ಪಲೆ ಸಾಗಿಸುವ ಸೈಕಲ್ಲೇ ನನ್ನ ವಾಹನ. ಅದರ ಹಿಂದಿನ ಕ್ಯಾರಿಯರಿನ ಮೇಲೆ ಒಬ್ಬರು ಆರಾಮವಾಗಿ ಮಲಗಬಹುದು. ಎರಡು ಸೈಕಲ್ಲನ್ನೂ ಬಸ್ಸಿನ ನೆತ್ತಿಗೆ ಕಟ್ಟಿ ಉಡುಮಲೈಯಲ್ಲಿ ಇಳಿದೆವು. ಸೈಕಲ್ಲಿಗೇ ಬಸ್ಸಿನಲ್ಲಿ ಹೋಗುವ ಬುದ್ಧಿಯಿದೆ, ನಮಗಿಲ್ಲ ಎಂದೆ. ಸುಂದರನಿಗೆ ಕೇಳಿಸಲಿಲ್ಲ. ಅವನು ಅರ್ಧ ಚಡ್ಡಿ ಹಾಕಿ, ಕಪ್ಪು ಕನ್ನಡಕ ಇಟ್ಟು, ಅಗಲವಾದ ಟೋಪಿ ಕಟ್ಟಿಕೊಂಡಿದ್ದ. ಉಡುಮಲೈಯ ನಾಯಿಗಳಿಗೆ ಅಂಥ ಭಾಗ್ಯ ಹಿಂದೆ ಸಿಕ್ಕಿರಲಿಲ್ಲ. ಊರು ದಾಟುವ ತನಕ ಜೊತೆಗೆ ಬಂದವು.

ಡಾಂಬರು ಇರುವ ತನಕ ನಾನು ಮನುಷ್ಯನಾಗಿದ್ದೆ. ಅದನ್ನು ಬಿಟ್ಟು ಜಲ್ಲಿಗೆ ಇಳಿದ ಮೇಲೆ ಏನೆಲ್ಲ ಯೋಚನೆ ಬಂತು. ಹಳೆಯ ಕಾಲದ ತಮಿಳು ಕವಿಗಳು ನೆಲವನ್ನು ಐದಾಗಿ ಹಂಚಿ, ಒಂದೊಂದಕ್ಕೆ ಪ್ರೇಮದ ಒಂದೊಂದು ಅವಸ್ಥೆ ಕೊಟ್ಟಿದ್ದಾರೆ: ಬೆಟ್ಟಕ್ಕೆ ಕೂಡುವುದು, ಕಾಡಿಗೆ ಕಾಯುವುದು, ಗದ್ದೆಗೆ ಮುನಿಸು, ಕಡಲ ದಡಕ್ಕೆ ಕೊರಗು, ಪಾಳುನೆಲಕ್ಕೆ ಅಗಲಿಕೆ. ಜಲ್ಲಿ ರಸ್ತೆಗೆ ಅವರು ಏನನ್ನೂ ಕೊಡಲಿಲ್ಲ. ತಿಳಿದವರು. ಜಲ್ಲಿಯ ಮೇಲೆ ಸೈಕಲ್ ತುಳಿಯುವವನಿಗೆ ಪ್ರೇಮದ ಮಾತು ಬಿಡಿ, ಸ್ವಂತ ಹೆಸರೂ ನೆನಪಿರುವುದಿಲ್ಲ. ಮೈಯಲ್ಲಿ ಎಲ್ಲೆಲ್ಲಿ ಮೂಳೆಯಿದೆ ಎಂಬ ಜ್ಞಾನ ಮಾತ್ರ ಬೆಳೆಯುತ್ತದೆ. ಮುಂದೆ ಸುಂದರ ಗೇರು ಬದಲಿಸುತ್ತಿದ್ದ, ಹಿಂದೆ ನಾನು ಬೈಗುಳ ಬದಲಿಸುತ್ತಿದ್ದೆ. ನಡುನಡುವೆ ಅವನು ನಿಂತು ನೀರು ತೋರಿಸಿ, ಅಲ್ಲಿಯದು ಇನ್ನೂ ನೀಲಿ ಎನ್ನುವನು. ಈ ನೀರನ್ನು ನಂಬಿ ಇಷ್ಟು ಊರುಗಳು ಉಣ್ಣುತ್ತಿವೆ. ಅದಕ್ಕೆ ಬಣ್ಣ ಸಾಲದು ಎನ್ನುವವನನ್ನು ಅದರಲ್ಲೇ ಅದ್ದಬೇಕು ಅನ್ನಿಸಿತು. ಅದ್ದಲು ನನ್ನಲ್ಲಿ ಉಸಿರಿರಲಿಲ್ಲ.

ಸರೋಜಳ ಮನೆ ಪಂದಲಿನ ಪಕ್ಕದಲ್ಲೇ ಇತ್ತು. ತಿಣ್ಣೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ತಮಿಳಿನಲ್ಲಿ ನೀರು ಕೇಳಿದೆವು. ಅಜ್ಜಿ ಮೊಮ್ಮಗಳನ್ನು ಕರೆದಳು. ಸರೋಜ ಮಜ್ಜಿಗೆಯನ್ನೇ ತಂದು ಕೊಟ್ಟು ಬಾಗಿಲಲ್ಲಿ ನಿಂತಳು. ಟೋಪಿ, ಕನ್ನಡಕ, ಧೂಳು ಇವುಗಳ ಅಡಿಯಲ್ಲಿ ಸುಂದರನ ಗುರುತು ಅವನ ಅಕ್ಕನಿಗೂ ಸಿಗುತ್ತಿರಲಿಲ್ಲ.

ಇಲ್ಲಿ ನಮ್ಮ ಜನದ ಒಂದು ಅಭ್ಯಾಸ ಹೇಳಬೇಕು. ಬೀದಿಗೆ, ಶಾಲೆಗೆ, ವ್ಯಾಪಾರಕ್ಕೆ ನಮಗೆ ತಮಿಳು. ಕನ್ನಡ ಒಳಮನೆಯದು. ಓದಲು ಬರೆಯಲು ಬಲ್ಲವರು ಅಪರೂಪ; ನಾನು ಮೈಸೂರಿನ ಸೋದರಮಾವನ ಮನೆಯಲ್ಲಿ ಶಾಲೆ ಕಲಿತದ್ದರಿಂದ ಹೀಗೆ ಬರೆಯುತ್ತಿದ್ದೇನೆ. ಒಳಮನೆಯ ಭಾಷೆಗೆ ಒಂದು ಅನುಕೂಲವಿದೆ. ಪರರ ಎದುರಿಗೇ ಪರರನ್ನು ಆಡಿಕೊಳ್ಳಬಹುದು. ಬಸ್ಸಿನಲ್ಲಿ ಪಕ್ಕದವನ ಮೂಗಿನ ಬಗ್ಗೆ, ಸಂತೆಯಲ್ಲಿ ಬದನೆಕಾಯಿ ಮಾರುವವಳ ತಕ್ಕಡಿಯ ಬಗ್ಗೆ, ನಾವು ನಗುಮುಖದಿಂದ ಕನ್ನಡದಲ್ಲಿ ಏನು ಬೇಕಾದರೂ ಹೇಳುತ್ತೇವೆ. ಕೇಳುವವನೂ ನಮ್ಮವನೇ ಆಗಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ. ಅವನೂ ತಮಿಳಿನಲ್ಲೇ ತಾನೆ ಮಾತಾಡಿಸಿರುತ್ತಾನೆ.

ಅಜ್ಜಿ ನಮ್ಮನ್ನು ನೋಡಿ ಮುಗುಳ್ನಗುತ್ತ ಕನ್ನಡದಲ್ಲಿ ಶುರುಮಾಡಿದಳು. ಇಬ್ಬರಿಗೂ ಪೈತ್ಯ ಹಿಡಿದಿದೆ ಎಂದಳು. ಮೀಸೆ ಬಂದ ಮೇಲೂ ಚಡ್ಡಿ ಹಾಕುವವನನ್ನು ಹೆತ್ತವಳು ಪಾಪ ಎಂದಳು. ನನ್ನ ಬಗ್ಗೆ ಹೇಳಿದ್ದನ್ನು ಪೂರ್ತಿ ಬರೆಯುವುದಿಲ್ಲ. ಹತ್ತಿಬೀಜದ ಮೂಟೆ ಎಂಬುದು ಅದರಲ್ಲಿ ಸೌಮ್ಯವಾದ ಭಾಗ. ನಾನು ಮಜ್ಜಿಗೆಯಲ್ಲಿ ಮುಖ ಮುಚ್ಚಿಕೊಂಡೆ. ಅಷ್ಟರಲ್ಲಿ ಅಜ್ಜಿ ಅದೇ ದನಿಯಲ್ಲಿ ಮನೆಯ ಮಾತಿಗೆ ತಿರುಗಿದಳು.

"ಸಾಯಂಕಾಲ ನಿಮ್ಮಪ್ಪ ಬಂದು ಕೇಳ್ತಾನೆ. ಆ ಕೋಯಮುತ್ತೂರ್ ಹುಡ್ಗನ್ಗೆ ಏನಂತ ಹೇಳ್ಲಿ?"

"ಬ್ಯಾಡ ಅನ್ನಜ್ಜಿ," ಎಂದಳು ಸರೋಜ. "ಸೀಮೆಗೆ ಹೋಗ್ಬಂದೋನಂತೆ. ಕಾಪಿ ಕುಡ್ದ್ರೂ ಅಲ್ಲಿ ಹಂಗಿತ್ತು ಅಂತಾನಂತೆ. ಕಟ್ಕೊಂಡ್ರೆ ದಿನಾ ನನ್ನೂ ಅಲ್ಲಿಯೋರ ಪಕ್ಕ ನಿಲ್ಸಿ ನೋಡ್ತಾನೆ."

ಕಾಫಿಯ ಸುದ್ದಿ ಅಲ್ಲಿಗೆ ಹೋದದ್ದು ಹೇಗೆಂದರೆ, ಧಾರಾಪುರಂನಲ್ಲಿ ಹೆಮ್ಮೆಯಿಂದ ಹೇಳಿಬಂದವಳು ನನ್ನ ಹೆಂಡತಿಯೇ. ಹುಡುಗಿ ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಅದೇ ಮಾತನ್ನು ನಾನು ನಾನಾ ಬಗೆಯಲ್ಲಿ ಆಡಿ ಅವನನ್ನು ಹಂಗಿಸಿದ್ದೆ, ಅವನು ನಕ್ಕು ಇನ್ನೊಂದು ಹೋಲಿಕೆ ಕೊಟ್ಟಿದ್ದ. ಆದರೆ ನಾನು ಆಡಿದ್ದು ಚುಚ್ಚುವುದಕ್ಕೆ. ಅವಳು ಆಡಿದ್ದು ಹೆದರಿ. ಸುಂದರನ ಲೋಟ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಿಂತಿತು. ಅವನನ್ನು ನೋಡಿ, ಅವನು ಸ್ವಿಟ್ಜರ್ಲೆಂಡಿನಿಂದ ಬಂದಾಗಿನಿಂದ ಮೊದಲ ಸಲ, ನನಗೆ ಅಯ್ಯೋ ಅನ್ನಿಸಿತು.

ಅಜ್ಜಿ ನಮ್ಮ ಕಡೆ ತಿರುಗಿ, ಅತಿಥಿಗಳಿಗೆಂದು ಇಟ್ಟ ಮರ್ಯಾದೆಯ ತಮಿಳಿನಲ್ಲಿ, ದೂರದಿಂದ ಬಂದವರ ಹಾಗಿದ್ದೀರಿ, ನಮ್ಮ ಅಣೆಕಟ್ಟಿನಂಥದ್ದು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ. ಈ ಪ್ರಶ್ನೆಗೆ ಅವನು, ಯಾರೂ ಕೇಳದೆಯೇ, ತಿಂಗಳುಗಟ್ಟಲೆ ಉತ್ತರ ಕೊಡುತ್ತ ಬಂದಿದ್ದ.

ಸುಂದರ ಟೋಪಿ ತೆಗೆದ. ಕನ್ನಡಕ ತೆಗೆದ.

"ಇಲ್ಲಜ್ಜಿ," ಎಂದ, ಕನ್ನಡದಲ್ಲಿ. "ಇಂಥದ್ದು ನಾನು ಎಲ್ಲೂ ನೋಡ್ಲಿಲ್ಲ."

ಸರೋಜ ಒಳಗೆ ಓಡಿಹೋಗಬಹುದಿತ್ತು. ಫೋಟೋದ ಮುಖ ಯಾವುದು, ಅದು ಏನೇನು ಕೇಳಿಸಿಕೊಂಡಿತು ಎಂಬುದೆಲ್ಲ ಅವಳಿಗೆ ಒಟ್ಟಿಗೇ ತಿಳಿದುಹೋಗಿತ್ತು. ಮುಖ ಕೆಂಪಾಯಿತು, ಆದರೂ ನಿಂತಳು. ಅವನು ಅವಳನ್ನೇ ನೋಡುತ್ತಿದ್ದ.

"ಅಣೆಕಟ್ಟು ಆ ಕಡೆ ಐತೆ," ಎಂದಳು.

ಆ ಸಾಯಂಕಾಲ ಅಪ್ಪ ಕೇಳಿದಾಗ ಅವಳು ಏನು ಹೇಳಿದಳೋ ಗೊತ್ತಿಲ್ಲ. ವಾರ ಕಳೆಯುವುದರೊಳಗೆ ವೀಳ್ಯಕ್ಕೆ ದಿನ ಗೊತ್ತುಮಾಡೋಣ ಎಂದು ಅವರ ಕಡೆಯಿಂದ ಆಳು ಬಂದ. ಸುಂದರ ಸ್ವಿಟ್ಜರ್ಲೆಂಡಿನ ಮಾತು ಬಿಟ್ಟ. ಈಗ ಸರೋಜಳೇ ಕೇಳಿದರೂ ಹೇಳುವುದಿಲ್ಲವಂತೆ. ಸೈಕಲ್ ಮಾತ್ರ ಬಿಡಲಿಲ್ಲ. ಮದುವೆ ಎಲ್ಲ ರೋಗಕ್ಕೂ ಮದ್ದಲ್ಲ.

ತಿಣ್ಣೆಯ ಮೇಲೆ ಆಗ ಇನ್ನೂ ಒಂದು ಮಾತು ನಡೆದಿತ್ತು. ಗಾಬರಿಯಾದ ಅಜ್ಜಿ ನನ್ನನ್ನು ತೋರಿಸಿ, "ಇವ್ರಿಗೂ ನಮ್ ಮಾತು ಬರ್ತದಾ?" ಎಂದು ಸುಂದರನನ್ನು ಕೇಳಿದ್ದಳು. ಆಕೆಯ ಮುಖ ನೋಡಲಾಗಲಿಲ್ಲ. "ಎನ್ನುಂಗ ಆತ್ತಾ?" ಎಂದೆ, ಏನಮ್ಮಾ ಹೇಳಿದ್ದು ಎಂದು, ಅಪ್ಪಟ ಕೊಯಮತ್ತೂರು ತಮಿಳಿನಲ್ಲಿ. ಆಕೆಗೆ ಜೀವ ಬಂತು. ವೀಳ್ಯದ ದಿನ ಗಂಡಿನ ಕಡೆಯವರ ಸಾಲಿನಲ್ಲಿ ನನ್ನನ್ನು ನೋಡಿದಾಗ ಆಕೆಗೆ ಎಲ್ಲ ತಿಳಿದಿರಲೇಬೇಕು. ಆದರೂ ತಮಿಳಿನಲ್ಲೇ ಮಾತಾಡಿಸಿದಳು, ನಾನೂ ತಮಿಳಿನಲ್ಲೇ ಉತ್ತರಿಸಿದೆ. ಅಂದಿನಿಂದ ಇಬ್ಬರೂ ಅದನ್ನು ಮುರಿದಿಲ್ಲ.

ಈಗಲೂ ವರ್ಷಕ್ಕೊಮ್ಮೆ ಸುಂದರ, ಸರೋಜರ ಜೊತೆ ನಾನೂ ಅಲ್ಲಿಗೆ ಹೋಗುತ್ತೇನೆ, ಬಸ್ಸಿನಲ್ಲಿ. ಅಜ್ಜಿ ನನ್ನ ಎದುರಿಗೇ ಮೊಮ್ಮಗಳಿಗೆ ಕನ್ನಡದಲ್ಲಿ ನನ್ನನ್ನು ಬೈಯುತ್ತಾಳೆ: ಇನ್ನೂ ಊದಿದ್ದಾನೆ, ಮೂರಾಳಿನ ಊಟ ಮಾಡುತ್ತಾನೆ, ಅಂಗಡಿ ಹೇಗೆ ನಡೆಯುತ್ತದೋ ದೇವರೇ ಬಲ್ಲ. ತಿರಸ್ಕಾರದಲ್ಲಿ ನಾನೇ ಪಂಡಿತ ಎಂದುಕೊಂಡಿದ್ದವನು ಪಂದಲಿನ ಕಡೆ ಮುಖ ಮಾಡಿ ಕೇಳುತ್ತೇನೆ. ಹೋದ ಸಲ ಊಟ ಮುಗಿಸಿ ಹೊರಡಲು ಎದ್ದಾಗ ಆಕೆ ಅದೇ ದನಿಯಲ್ಲಿ, ಇವನನ್ನು ಬಿಸಿಲು ಇಳಿಯುವ ತನಕ ಕಳಿಸಬೇಡ, ಉಸಿರು ಕಟ್ಟುತ್ತದೆ ಇವನಿಗೆ ಎಂದಳು. ನನಗೆ ತಿಳಿಯದ ಭಾಷೆಯಾದ್ದರಿಂದ ನಾನು ಉತ್ತರ ಕೊಡಲಿಲ್ಲ. ಬಿಸಿಲು ಇಳಿಯುವ ತನಕ ಕೂತೆ.