ಎರಡು ಉಲ್ಕೆಗಳ ನಡುವೆ

ನಲವತ್ತರ ದಶಕದ ಆ ವರ್ಷ ನಾನು ಮಾನ್ವಿಯಲ್ಲಿ ಶಾಲಾ ಮಾಸ್ತರ. ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಒಬ್ಬನೇ ಕೂತು ಉಣ್ಣಲಾರದೆ ದೇವದುರ್ಗದಿಂದ ಅವ್ವನನ್ನು ಕರೆಸಿಕೊಂಡಿದ್ದೆ; ಅವಳಿದ್ದರೂ ಮನೆ ಬಿಕೋ ಎನ್ನುತ್ತಿತ್ತು.

ಅಂಥದರಲ್ಲಿ ರಾಯಚೂರಿನಿಂದ ನನ್ನ ಹಳೆಯ ಗುರುಗಳ ಪತ್ರ ಬಂತು. ಧೂಮಕೇತು ಬಿಟ್ಟುಹೋದ ಧೂಳನ್ನು ಭೂಮಿ ಹಾಯಲಿದೆ, ಉಲ್ಕೆಗಳ ಮಳೆಯೇ ಆಗಬಹುದು, ಪ್ರತಿಯೊಂದು ಬಿದ್ದ ಹೊತ್ತನ್ನೂ ಸೆಕೆಂಡಿನವರೆಗೆ ಬರೆದಿಡು ಎಂದಿದ್ದರು. ಭೂಮಿಯ ವೇಗ ಗೊತ್ತೇ ಇದೆ. ಎರಡು ಉಲ್ಕೆಗಳ ನಡುವಿನ ಹೊತ್ತು ಸಿಕ್ಕರೆ ಆ ಕಣಗಳು ಅಲ್ಲಿ ಒಂದೊಂದಾಗಿ ಚದುರಿವೆಯೋ, ಗುಂಪುಗೂಡಿವೆಯೋ ತಿಳಿಯುತ್ತದಂತೆ.

ಆಕಾಶ ನೋಡಲು ಒಬ್ಬರು, ಗಡಿಯಾರ ನೋಡಿ ಬರೆಯಲು ಇನ್ನೊಬ್ಬರು ಬೇಕು. ಹೆಂಡತಿ ಇದ್ದಿದ್ದರೆ ನನ್ನ ಅಕ್ಷರವನ್ನು ಆಡಿಕೊಳ್ಳುತ್ತ ತಾನೇ ಬರೆಯುತ್ತಿದ್ದಳು. ಅವ್ವನಿಗೆ ಓದುಬರಹ ಬಾರದು, ಕಣ್ಣು ಮಾತ್ರ ಚುರುಕು. ಮಾಳಿಗೆಯ ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿದೆ. ಅವಳು "ಬಿತ್ತು" ಎಂದಾಗಲೆಲ್ಲ ನಾನು ಕಂದೀಲಿನ ಮುಂದೆ ತಲೆ ಬಗ್ಗಿಸಿ ಬರೆದುಕೊಂಡೆ.

ಬೆಳಗಿನ ಜಾವಕ್ಕೆ ಹಾಳೆಗಳು ತುಂಬಿದ್ದವು. ನೋಡಿದರೆ, ಯಾವ ಎರಡು ಉಲ್ಕೆಗಳೂ ಐದು ಸೆಕೆಂಡಿನೊಳಗೆ ಬಿದ್ದಿರಲಿಲ್ಲ. ಅಷ್ಟು ದೊಡ್ಡ ಆಕಾಶದಲ್ಲಿ ಒಂದು ಕಣಕ್ಕೂ ಜೊತೆಯಿಲ್ಲ! ಹೇಳಲು ನಾಚಿಕೆ, ನನಗೆ ಸಮಾಧಾನವಾಯಿತು. ಒಂಟಿತನ ನನ್ನೊಬ್ಬನ ಹಣೆಬರಹವಲ್ಲವಲ್ಲ. "ಎಲ್ಲವೂ ಒಂಟಿ" ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದೆ. ಮೊದಲ ಬಸ್ಸಿಗೇ ರಾಯಚೂರಿಗೆ ಹೋಗಿ ಗುರುಗಳ ಕೈಗೆ ಕೊಡುವುದೆಂದುಕೊಂಡೆ.

ಅಷ್ಟರಲ್ಲಿ ಅವ್ವ ಮತ್ತೆ "ಬಿತ್ತು" ಎಂದಳು. ಆ ರಾತ್ರಿ ಮೊದಲ ಸಲ ಅವಳ ಕಡೆ ನೋಡಿದೆ. ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

"ಯವ್ವಾ, ಏನ್ ಮಾಡಾಕತ್ತೀ?"

"ಒಂದು ಜೀವ ಹೋತಲ್ಲೋ ಯಪ್ಪಾ. ಶಿವಾ ಶಿವಾ ಅನಬಾರದೇನು?"

"ಪ್ರತಿ ಸಲನೂ ಹಿಂಗ ಕಣ್ಣು ಮುಚ್ಚೀಯೇನು?"

"ಮತ್ತ? ನನ್ನ ಸೊಸಿ ಹೋದಾಗಿಂದ ಒಂದೂ ಬಿಟ್ಟಿಲ್ಲ."

ಸಿಟ್ಟು ನೆತ್ತಿಗೇರಿತು. ಇಡೀ ರಾತ್ರಿಯ ಕೆಲಸ ನೀರುಪಾಲು. ಬೈಯಲು ಬಾಯಿ ತೆರೆದವನು ಮೇಲೆ ನೋಡಿದೆ. ಎರಡು ಉಲ್ಕೆಗಳು, ಒಂದರ ಬೆನ್ನಿಗೇ ಇನ್ನೊಂದು, ಪಡುವಣಕ್ಕೆ ಜಾರಿಹೋದವು. ಅವ್ವ ಒಂದನ್ನೇ ಕೂಗಿ ಕಣ್ಣು ಮುಚ್ಚಿದ್ದಳು. ನನಗೆ ಅಳು ಒತ್ತರಿಸಿ ಬಂತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಬೆಳಗಾದ ಮೇಲೆ ಆ ದಪ್ಪಕ್ಷರದ ಸಾಲನ್ನು ಹೊಡೆದುಹಾಕಿ, ಗುರುಗಳಿಗಾಗಿ ಅದರ ಕೆಳಗೆ ಬರೆದೆ: "ನೋಡುತ್ತಿದ್ದವರು ಪ್ರತಿ ಉಲ್ಕೆಗೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. ಜೊತೆಯಾಗಿ ಹೋದವು ಈ ಹಾಳೆಯಲ್ಲಿಲ್ಲ."