ಕಲಿಸಿದ ಕೈಗಳನ್ನು ಬಿಟ್ಟುಕೊಡದ ಸರ್ವಮಂಗಳಾ

ಬೆಳಗಿನ ಐದು ಗಂಟೆ. ಶೆಟ್ಟಿಕೊಪ್ಪದ ಮದುವೆಮನೆಯ ಒಳಕೋಣೆಯಲ್ಲಿ ಮದುಮಗಳ ಬೆನ್ನ ಹಿಂದೆ ಕುಳಿತ ಸರ್ವಮಂಗಳಾ ಮಲ್ಲಿಗೆ ಮೊಗ್ಗನ್ನು ಒಂದೊಂದಾಗಿ ಜಡೆಗೆ ಹೊಲಿಯುತ್ತಿದ್ದಾರೆ. ಎದುರಿಗೆ ಅವರ ಪಾರ್ಲರಿನ ಹುಡುಗಿ ನಿಶ್ಚಿತಾ ಮದುಮಗಳ ಮುಂಗುರುಳು ತಿದ್ದುತ್ತಿದ್ದಾಳೆ. "ಪಾರ್ಲರ್‌ನೋರಿಗೆ ತಿಂಡಿ ಆಮೇಲೆ ನೋಡಿದ್ರಾಯ್ತು" ಎಂದು ಹೊರಗೆ ಯಾರೋ ಹೇಳುವುದು ಕೇಳಿಸುತ್ತದೆ. "ಈ ಹುಡುಗಿ ಮೂರು ಗಂಟೆಗೆ ಎದ್ದು ಬಂದಿದಾಳೆ. ಈಗ್ಲೇ ಕೊಡಿ" ಎನ್ನುತ್ತಾರೆ ಸರ್ವಮಂಗಳಾ, ತಲೆಯೆತ್ತದೆ.

ನರಸಿಂಹರಾಜಪುರದ ಬಸ್‌ಸ್ಟ್ಯಾಂಡ್ ಎದುರು, ಬಟ್ಟೆ ಅಂಗಡಿಯ ಮಹಡಿಯಲ್ಲಿ 1996ರಲ್ಲಿ ಬಾಗಿಲು ತೆರೆದ ಅವರ ಪಾರ್ಲರಿಗೆ ಈಗ, 2007ಕ್ಕೆ, ಹನ್ನೊಂದು ವರ್ಷ. ಎರಡು ಕುರ್ಚಿ. ದಿನಕ್ಕೆ ಹತ್ತು ಹದಿನೈದು ತಲೆ, ಮದುವೆಯ ಕಾಲದಲ್ಲಿ ಅದರ ದುಪ್ಪಟ್ಟು. ಗಂಡ ತೀರಿಕೊಂಡ ಮೇಲೆ ಶಿವಮೊಗ್ಗದಲ್ಲಿ ಆರು ತಿಂಗಳು ಕೆಲಸ ಕಲಿತು ಬಂದಾಗ ಮೂಗು ಮುರಿದ ನೆಂಟರೇ ಇಂದು ಮಗಳ ಮದುವೆಗೆ ಮೊದಲು ಇವರನ್ನು ಗೊತ್ತು ಮಾಡುತ್ತಾರೆ.

ನೆಂಟರ ಮೇಲಿನ ಸಿಟ್ಟು ಎಂದೋ ಆರಿದೆ. ಆರದ ಸಿಟ್ಟು ಬೇರೆ. ಇಷ್ಟು ವರ್ಷಗಳಲ್ಲಿ ಒಂಬತ್ತು ಹುಡುಗಿಯರಿಗೆ ಕತ್ತರಿ ಹಿಡಿಯುವುದು ಕಲಿಸಿದ್ದಾರೆ. ಕೈ ಪಳಗಲು ಎರಡು ವರ್ಷ ಬೇಕು. ಪಳಗುವ ಹೊತ್ತಿಗೆ ಗಂಡು ಗೊತ್ತಾಗುತ್ತದೆ. ಎಂಟು ಮಂದಿ ಹಾಗೇ ಹೋದರು.

"ಸಂಬಳ ಹೆಚ್ಚು ಮಾಡ್ದೆ, ವಾರಕ್ಕೊಂದು ರಜೆ ಕೊಟ್ಟೆ. ಎಂತದೂ ನಡೀಲಿಲ್ಲ ಮಾರಾಯ್ರೆ. ಒಬ್ಬಳೂ ತಾನಾಗಿ ಬಿಟ್ಟು ಹೋದದ್ದಲ್ಲ, ಗಂಡಿನ ಕಡೆಯೋರು ಬಿಡಿಸ್ಕೊಂಡು ಹೋದ್ರು. ನಾನೂ ಬಾಯಿ ಮುಚ್ಕೊಂಡು ಸೀರೆ ಕೊಟ್ಟು ಕಳಿಸ್ದೆ. ನೆನೆಸ್ಕೊಂಡ್ರೆ ನನ್ನ ಮೇಲೇ ಸಿಟ್ಟು ಬರ್ತದೆ."

ಒಂಬತ್ತನೆಯವಳು ಮುತ್ತಿನಕೊಪ್ಪದ ನಿಶ್ಚಿತಾ. ಕಳೆದ ವರ್ಷ ಅವಳಿಗೂ ಸಂಬಂಧ ಕೂಡಿತು. ಅತ್ತೆಯಾಗಲಿದ್ದ ಕಲ್ಲಮ್ಮ ಒಂದು ದಿನ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಪಾರ್ಲರಿಗೇ ಬಂದರು. ನಿಶ್ಚಿತಾ ಅರ್ಧ ತಲೆಗೆ ಹಚ್ಚಿದ್ದಳು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕಲ್ಲಮ್ಮ, "ಮದುವೆ ಆದ್ಮೇಲೆ ಇದೆಲ್ಲ ಬೇಡ. ಕಂಡೋರ ತಲೆ ಮುಟ್ಟೋ ಕೆಲಸ ನಮ್ಮನೇಲಿ ಯಾರೂ ಮಾಡಿಲ್ಲ" ಎಂದರು.

ಸರ್ವಮಂಗಳಾ ಕತ್ತರಿಯನ್ನು ಮೇಜಿಗೆ ಕುಕ್ಕಿದರು. ನಿಶ್ಚಿತಾಳ ಕೈಯಿಂದ ಬ್ರಷ್ ಕಸಿದು ಕಲ್ಲಮ್ಮನ ಮಡಿಲಿಗೆ ಹಾಕಿದರು. "ಹಂಗಾದ್ರೆ ಉಳಿದರ್ಧ ನೀವೇ ಹಚ್ಕೊಳ್ಳಿ ಅಮ್ಮಾ. ನಿಮ್ಮ ತಲೆ ಮುಟ್ಟುವಾಗ ಇವಳ ಕೈ ಚೊಕ್ಕ, ಪಕ್ಕದ ಮನೆಯೋರ ತಲೆ ಮುಟ್ಟಿದ್ರೆ ಮೈಲಿಗೆಯಾ?"

ನಿಶ್ಚಿತಾ ಬ್ರಷ್ ಎತ್ತಿಕೊಂಡಳು. "ಅಕ್ಕ, ಹಿಡಿದ ಕೆಲಸ ಮುಗಿಸ್ತೀನಿ" ಎಂದವಳು ಕಲ್ಲಮ್ಮನ ಕಡೆ ತಿರುಗಿದಳು. "ಮದುವೆ ಆದ್ರೂ ನಾನು ಇಲ್ಲಿಗೆ ಬರ್ತೀನಿ. ಈಗ್ಲೇ ಹೇಳಿದೀನಿ."

ಪೂರ್ತಿ ಬಣ್ಣ ಹಚ್ಚಿಸಿಕೊಂಡೇ ಹೋದ ಕಲ್ಲಮ್ಮ ವಾರದೊಳಗೆ ಸಂಬಂಧ ಮುರಿದರು. ನಿಶ್ಚಿತಾಳ ತಾಯಿ ಬಸ್‌ಸ್ಟ್ಯಾಂಡಿನಲ್ಲೇ ನಿಂತು, "ಮಗಳ ಬಾಳು ಹಾಳು ಮಾಡಿದ್ರಿ" ಎಂದು ಬೈದರು, ಇವತ್ತಿಗೂ ಇವರ ಜೊತೆ ಮಾತಿಲ್ಲ. ಆ ಬೈಗುಳ ಸರ್ವಮಂಗಳಾರನ್ನು ಚುಚ್ಚುತ್ತದೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಈಗ ಪಾರ್ಲರಿನ ಒಂದು ಬೀಗದಕೈ ನಿಶ್ಚಿತಾಳ ಬಳಿಯೇ ಇದೆ.

"ನನಗೇನು ದೊಡ್ಡ ಆಸೆ ಇಲ್ಲ" ಎನ್ನುತ್ತಾರೆ ಸರ್ವಮಂಗಳಾ. "ಗಂಡನ ಮನೆಯಿಂದ ಬುತ್ತಿ ಕಟ್ಕೊಂಡು ನಮ್ಮ ಮೆಟ್ಟಿಲು ಹತ್ತಿ ಬರೋ ಹುಡುಗಿ ಒಬ್ಬಳನ್ನ ನೋಡ್ಬೇಕು. ಅಷ್ಟೇ."