ಪಂಚಮಿಗೆ ತವರಿಗೆ ಹೋದ ಜೀಪು

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಎರಕದ ತುಂಡುಗಳನ್ನು ಪರೀಕ್ಷಿಸುವವನು. ಬಿರುಕು ಕಂಡರೆ ಸೀಮೆಸುಣ್ಣದಿಂದ ಗೆರೆ ಎಳೆದು ಬದಿಗಿಡುತ್ತೇನೆ. ಅಂದರೆ ದಿನವಿಡೀ ಬೇಡ ಎನ್ನುವುದೇ ನನ್ನ ಕೆಲಸ, ಅದರಲ್ಲಿ ನಾನು ಯಾರ ಮುಲಾಜಿಗೂ ಬಿದ್ದವನಲ್ಲ. ಅಂಥವನು ಹಳೆಯ ಮಿಲಿಟರಿ ಜೀಪುಗಳ ಮುಂದೆ ಮಾತ್ರ ಒಮ್ಮೆಯೂ ಬೇಡ ಎಂದಿಲ್ಲ. ಸದಾಶಿವನಗರದ ನಮ್ಮ ಪುಟ್ಟ ಅಂಗಳದಲ್ಲಿ ಬಟ್ಟೆ ಒಣಹಾಕಲು ಹೆಂಡತಿ ಜೀಪುಗಳ ನಡುವೆ ಮೈ ಅಡ್ಡ ತಿರುಗಿಸಿಕೊಂಡು ನುಸುಳಬೇಕು. ‘ಅವನ್ನೂ ಕರಕೊಂಡು ನೀವು ಬ್ಯಾರೆ ಮನಿ ಮಾಡ್ರಿ’ ಎಂದು ಆಕೆ ವಾರಕ್ಕೊಮ್ಮೆಯಾದರೂ ಅನ್ನುತ್ತಾಳೆ. ಅರ್ಧ ತಮಾಷೆ, ಅರ್ಧ ಅಲ್ಲ.

ಮೊದಲ ಜೀಪಿನ ಮೇಲೆ ನನ್ನ ಆರು ವರ್ಷದ ರವಿವಾರಗಳು ಹೋಗಿವೆ. ಸೇನೆಯ ಲಿಲಾವಿನಿಂದ ಹೊರಬಿದ್ದು, ಕಲ್ಲುಗಣಿ, ಕಟ್ಟಿಗೆ ಅಡ್ಡೆ ಎಲ್ಲ ಸುತ್ತಿ ನನ್ನ ಕೈಗೆ ಬಂದ ಗಾಡಿ. ಒಂದರ ಮೇಲೊಂದು ಬಳಿದಿದ್ದ ಬಣ್ಣಗಳನ್ನು ಕೆರೆದು ಕೆರೆದು ಕೊನೆಗೆ ಸೇನೆಯ ಮೂಲ ಹಸಿರು ಕಂಡ ದಿನ ಊಟ ಮಾಡುವುದನ್ನೇ ಮರೆತಿದ್ದೆ. ಎಲ್ಲ ಸಿದ್ಧವಾಯಿತು, ಇಂಜಿನ್ ಒಂದನ್ನು ಬಿಟ್ಟು. ಅದರ ಬ್ಲಾಕು ಉದ್ದಕ್ಕೂ ಸೀಳಿತ್ತು. ಹೊಸ ಡೀಸೆಲ್ ಇಂಜಿನ್ ಕೂರಿಸಿ ಓಡಿಸುವವರು ಬೇಕಾದಷ್ಟು ಜನರಿದ್ದಾರೆ; ನನಗೆ ಅದು ಆಗದು. ಅದರದೇ ಜಾತಿಯ ಪೆಟ್ರೋಲ್ ಇಂಜಿನ್‌ನ ಸದ್ದು ಕೇಳುತ್ತ ನಾನು ಒಮ್ಮೆಯಾದರೂ ಅದನ್ನು ಓಡಿಸಬೇಕಿತ್ತು. ಆರು ವರ್ಷ ಒರೆಸಿದ ಗಾಡಿಯನ್ನು ನಾನು ಇನ್ನೂ ಒಂದು ಮಾರೂ ಓಡಿಸಿರಲಿಲ್ಲ.

‘ಎರಡ ತಗೊಂಡ್ರನ ಒಂದ ಆಗತೈತ್ರಿ ಸಾಹೇಬ್ರ’ ಎಂದ ಆಟೋ ನಗರದ ನಮ್ಮ ಮೇಸ್ತ್ರಿ. ಈ ಹುಚ್ಚಿನವರೆಲ್ಲ ಮಾಡುವುದು ಅದನ್ನೇ. ಒಂದನ್ನು ಕೊಂಡು, ಬಿಚ್ಚಿ, ಇನ್ನೊಂದಕ್ಕೆ ಹಾಕುವುದು.

ಬೇಸಿಗೆಯಲ್ಲಿ ಖಾನಾಪುರದ ಆಚೆಯ ಒಂದು ಹಟ್ಟಿಯಲ್ಲಿ ಆ ಇನ್ನೊಂದು ಸಿಕ್ಕಿತು. ಎಮ್ಮೆ ಸಾಕಿದ ಮನೆ. ಯಜಮಾನ ಬದುಕಿರುವವರೆಗೆ ಅದೇ ಜೀಪಿನಲ್ಲಿ ಪೇಟೆಗೆ ಹಾಲಿನ ಕ್ಯಾನು ಸಾಗಿಸಿದ್ದನಂತೆ. ಅವನು ತೀರಿಕೊಂಡ ಮೇಲೆ ಮಗ ಹೊಸ ಪಿಕಪ್ ತಂದ, ಜೀಪಿನ ಸೀಟಿನ ಮೇಲೆ ಕೋಳಿ ಕಾವು ಕೂತಿತು. ಆದರೆ ಬಾನೆಟ್ ಎತ್ತಿದರೆ ಮೂಲ ಇಂಜಿನ್! ಎರಡು ಸಲ ಹ್ಯಾಂಡಲ್ ತಿರುಗಿಸಿದ್ದಕ್ಕೆ ಹೊತ್ತಿಕೊಂಡಿತು.

ಮಗ ಒಪ್ಪಿದ, ತಾಯಿ ಒಪ್ಪಲಿಲ್ಲ. ಇಂಥ ಗಾಡಿಗಳನ್ನು ಕೊಡುವವರು ಮೊದಲು ದರ ಕೇಳುವುದಿಲ್ಲ, ‘ಏನ್ ಮಾಡ್ತೀರಿ ಇದನ್ನ’ ಎಂದು ಕೇಳುತ್ತಾರೆ. ಬಿಚ್ಚುತ್ತೇನೆ ಎಂದರೆ ಕೆಲಸ ಕೆಟ್ಟಿತು. ಅದಕ್ಕೆ ನಾವೆಲ್ಲ ಹೇಳುವ ಒಂದು ಸಿದ್ಧ ಮಾತಿದೆ. ನಾನೂ ಅದನ್ನೇ ಹೇಳಿದೆ, ‘ಆಯಿ, ಮಗಳಂಗ ನೋಡಕೋತೀನ್ರಿ.’

ಆಕೆ ನನ್ನ ಮುಖ ನೋಡಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ತಟ್ಟೆಯಿತ್ತು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಕುಪ್ಪಸದ ಖಣ. ಎಲ್ಲವನ್ನೂ ಚಾಲಕನ ಸೀಟಿನ ಮೇಲೆ ಇಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಗಂಡನ ಮನೆಗೆ ಹೊರಟ ಹೆಣ್ಣಿಗೆ ತುಂಬಿದ ಹಾಗೆ ಜೀಪಿಗೆ ಉಡಿ ತುಂಬಿದಳು. ‘ಸುಖದಾಗ ಇಡ್ರಿ ಅಳ್ಯಾರ’ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಒಳಗೊಳಗೇ ನಗು. ಬೆಳಗಾವಿ ಮುಟ್ಟುವವರೆಗೂ ನಗುತ್ತಲೇ ಬಂದೆ.

ಎರಡೇ ವಾರಕ್ಕೆ ಮೇಸ್ತ್ರಿ ಅದರ ಇಂಜಿನ್ ಇಳಿಸಿ ನನ್ನ ಜೀಪಿಗೆ ಏರಿಸಿದ; ಬೋಲ್ಟುಗಳನ್ನು ಮಾತ್ರ ಒಂದೊಂದಾಗಿ ನಾನೇ ಕೂರಿಸಿದೆ. ಇನ್ನು ಕಾರ್ಬ್ಯುರೇಟರು, ವೈರಿಂಗು, ಸಣ್ಣಪುಟ್ಟ ಕೆಲಸ ಬಾಕಿ. ಅದು ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಬಿಟ್ಟ ಮೊದಲ ರವಿವಾರ ಓಡಿಸುವುದೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಶ್ರಾವಣ ಬಂತು, ಹಟ್ಟಿಯಿಂದ ಫೋನೂ ಬಂತು.

‘ಪಂಚಮಿ ಬಂತಲ್ರಿ,’ ಎಂದ ಮಗ, ‘ಗಾಡಿ ಕರಿಯಾಕ ನಾನೂ ಅವ್ವಾನೂ ನಾಡದ ಬರ್ತೀವ್ರಿ.’

ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ನನಗೆ ಗೊತ್ತಿಲ್ಲವೇ? ಆದರೆ ಜೀಪನ್ನು? ಅವನ ದನಿಯಲ್ಲಿ ನಗು ಹುಡುಕಿದೆ, ಸಿಗಲಿಲ್ಲ. ಅವರು ಬಂದರೆ ಅಂಗಳದಲ್ಲಿ ಹೊಟ್ಟೆ ಬಗೆದು ನಿಲ್ಲಿಸಿದ ಗಾಡಿ ಕಣ್ಣಿಗೆ ಬೀಳುತ್ತದೆ. ‘ನೀವ್ಯಾಕ ಬರ್ತೀರಿ, ನಾನೇ ತರ್ತೀನ್ರಿ’ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ತಿಳಿಯಿತು, ಒಂದು ಸಂದಿಯಿಂದ ತಪ್ಪಿಸಿಕೊಳ್ಳಲು ಹೋಗಿ ಅದಕ್ಕಿಂತ ಇಕ್ಕಟ್ಟಾದ ಸಂದಿಗೆ ನುಗ್ಗಿದ್ದೆ.

ಆಟೋ ನಗರಕ್ಕೆ ಓಡಿದೆ. ಎರಡು ದಿನದಲ್ಲಿ ಯಾವುದಾದರೂ ಇಂಜಿನ್ ಕೂರಿಸು ಮಾರಾಯ ಎಂದರೆ ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಹೆಂಡತಿ ನಗಲಿಲ್ಲ. ‘ಖರೇ ಹೇಳಿ ಬರ್ರಿ’ ಎಂದಳು. ಹಬ್ಬದ ಬೆಳಿಗ್ಗೆ ಖಾಲಿ ಜೀಪನ್ನು ಬಾಡಿಗೆ ಟ್ರಕ್ಕಿಗೆ ಕಟ್ಟಿ ಎಳೆಸಿಕೊಂಡು ಹೊರಟೆ. ಇಂಜಿನ್ ಇಲ್ಲದ ಗಾಡಿಯ ಸ್ಟೇರಿಂಗ್ ಹಿಡಿದು, ಎಳೆದತ್ತ ಹೋಗುತ್ತ, ಖಾನಾಪುರದ ತನಕ ಒಂದೇ ಸುಳ್ಳನ್ನು ಬಾಯಿಪಾಠ ಮಾಡಿದೆ.

‘ದಾರ್ಯಾಗ ಕೆಟ್ಟತ್ರಿ ಆಯಿ.’

ಜಿಟಿಜಿಟಿ ಮಳೆಯಲ್ಲಿ ಆಕೆ ಕೊಡೆ ಹಿಡಿದು ಬಂದಳು. ಬಾನೆಟ್ಟಿನ ಕೊಂಡಿ ಬಿಚ್ಚಿದಳು, ಎತ್ತಿದಳು, ಬಗ್ಗಿ ನೋಡಿದಳು. ಒಳಗೆ ನೆಲ ಕಾಣುತ್ತಿತ್ತು.

‘ಇಂಜಿನ್ನೂ ದಾರ್ಯಾಗ ಬಿತ್ತೇನ್ರಿ?’

ಎಲ್ಲ ಹೇಳಿದೆ. ಇನ್ನೊಂದು ಜೀಪಿದೆ ಎಂದೆ, ಆರು ವರ್ಷ ಎಂದೆ, ಅದಕ್ಕೆ ಹಾಕಿದ್ದೇನೆ ಎಂದೆ. ಆಕೆ ಕೇಳಿಸಿಕೊಂಡಳು. ‘ಸವತಿಗಿ ಕೊಟ್ರಿ ಅನ್ರಿ’ ಎಂದಳು, ಅಷ್ಟೇ.

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ, ಮುಖ ಕೆಡಿಸಿಕೊಂಡು, ಋಣ ಹರಿದುಕೊಂಡು ಬರುತ್ತಿದ್ದೆ. ಆಕೆ ಒಳಗೆ ಕರೆದು, ಮಣೆ ಹಾಕಿ, ಶೇಂಗಾ ಉಂಡಿ, ಎಳ್ಳುಂಡಿ ಬಡಿಸಿದಳು. ‘ಗಾಡಿ ನಿಮ್ಮಲ್ಲೇ ಇರಲ್ರಿ, ನನಗೇನೂ ಕೊಡಬ್ಯಾಡ್ರಿ’ ಎಂದೆ. ಅದು ನನ್ನ ಕೊನೆಯ ಬಾಗಿಲಾಗಿತ್ತು.

‘ಕೊಟ್ಟ ಹೆಣ್ಣು ವಾಪಸ್ ತಗೋತಾರೇನ್ರಿ? ಮೈಯಾಗ ಆರಾಮಿಲ್ಲದಕಿ ಬಂದಾಳ. ಆರಾಮ ಆಗೂತನಕ ಇಲ್ಲೇ ಇರ್ತಾಳ. ನೀವು ಆಕಿ ಜೀವಾ ತಂದು ಕೂಡಸ್ರಿ, ಕರಕೊಂಡು ಹೋಗ್ರಿ.’ ನನ್ನ ಎಲೆಗೆ ಇನ್ನೊಂದು ಉಂಡಿ ಹಾಕಿದಳು. ‘ಅವಸರಿಲ್ರಿ. ನಾ ಇನ್ನೂ ಗಟ್ಟಿ ಅದೀನಿ, ಕಾಯ್ತೀನಿ.’

ಅವರು ಇದನ್ನೆಲ್ಲ ನಿಜಕ್ಕೂ ನಂಬಿದ್ದರೋ, ನನಗೆ ಬುದ್ಧಿ ಕಲಿಸಲು ಆಡುತ್ತಿದ್ದರೋ, ಇಂದಿಗೂ ನನಗೆ ತಿಳಿಯದು. ಮಗನ ಮುಖ ನೋಡಿದೆ, ಅವನು ಉಂಡಿ ತಿನ್ನುತ್ತಿದ್ದ. ಬೇಡ ಎನ್ನುವುದು ನನ್ನ ಹೊಟ್ಟೆಪಾಡು. ಆ ಹೊತ್ತಿನಲ್ಲಿ ಆ ಎರಡಕ್ಷರ ಬಾಯಿಗೆ ಬರಲೇ ಇಲ್ಲ. ಯಾವ ಕಾಗದದಲ್ಲೂ ಇಲ್ಲದ ಕರಾರು. ವಕೀಲನಿಗೆ ತೋರಿಸುವಂತಿಲ್ಲ, ಹರಿದು ಎಸೆಯುವಂತಿಲ್ಲ. ಸಿಟ್ಟು ಬಂತು. ಆಕೆಯ ಮೇಲೆ, ನನ್ನ ನಾಲಿಗೆಯ ಮೇಲೆ, ಲೋಕದ ಎಲ್ಲ ಜೀಪುಗಳ ಮೇಲೆ. ಜೀಪನ್ನು ಅಲ್ಲೇ ಬಿಟ್ಟು, ಟ್ರಕ್ಕಿನ ಡ್ರೈವರ್ ಪಕ್ಕದಲ್ಲಿ ಕೂತು ಬೆಳಗಾವಿಗೆ ಮರಳಿದೆ.

ಮುಂದಿನ ರವಿವಾರ ಮಳೆ ಬಿಟ್ಟಿತು. ಸದಾಶಿವನಗರದ ಅಂಗಳದಲ್ಲಿ ಬಿಸಿಲು ಬಿದ್ದು ನನ್ನ ಜೀಪಿನ ಹಸಿರು ಫಳಫಳ ಹೊಳೆಯುತ್ತಿತ್ತು. ಓಡಿಸಬೇಕೆಂದುಕೊಂಡಿದ್ದ ದಿನ. ಒಮ್ಮೆ, ಒಂದೇ ಒಂದು ಸುತ್ತು ಹೋಗಿಬಂದು ಆಮೇಲೆ ಬಿಚ್ಚಿದರಾಯಿತು ಎನಿಸಿತು. ಆದರೆ ಒಮ್ಮೆ ಓಡಿಸಿದರೆ ಬಿಚ್ಚುವವನು ನಾನಲ್ಲ, ನನಗೆ ನನ್ನ ಗುರುತಿದೆ. ಬಾನೆಟ್ ಎತ್ತಿ ಪಾನಾ ಹಿಡಿದು ಬಗ್ಗಿದೆ. ಮೊದಲ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರಲಿ, ತಲೆ ಸವೆದು ಪಾನಾ ಜಾರಲಿ, ಇವತ್ತು ಆಗಲಿಲ್ಲ ಎಂದು ಎದ್ದುಬಿಡೋಣ ಎಂದು ಮನಸ್ಸು ಬೇಡುತ್ತಿತ್ತು. ಕಚ್ಚಿಕೊಳ್ಳಲಿಲ್ಲ. ಒಂದೊಂದಕ್ಕೂ ಗ್ರೀಸು ಹಚ್ಚಿ ಕೂರಿಸಿದವನು ನಾನೇ ಅಲ್ಲವೇ, ಒಮ್ಮೆ ಪಾನಾ ತಿರುವಿದ ಮೇಲೆ ಬೆರಳಿನಿಂದಲೇ ಸಲೀಸಾಗಿ ಬಿಚ್ಚಿಕೊಂಡು ಬಂತು.